ಆರಿಂಚಿನ ಬೀಗಿತ್ತಿ

ಫೆಬ್ರವರಿ 2, ಭಾನುವಾರ

ಮಗಳನ್ನು ಕೇಳಲು ಹುಡುಗ ತನ್ನ ತಾಯಿಯ ಜೊತೆ ಬಂದಿದ್ದ. ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಕೈ ಚೊಕ್ಕಟ, ಮಾತು ಕಡಿಮೆ, ಚಹಾ ಕುಡಿದ ಲೋಟವನ್ನು ತಾನೇ ತೊಳೆದಿಟ್ಟ. ಅವನನ್ನು ಮಗಳು ನನ್ನನ್ನು ಕೇಳದೆ ತಾನೇ ಆರಿಸಿಕೊಂಡಿದ್ದಾಳೆ. ಅದನ್ನೂ ನುಂಗಿಕೊಂಡಿದ್ದೇನೆ. ನುಂಗಲಾಗದ್ದು ತಾಯಿ.

ಆ ಹೆಂಗಸು ನನಗಿಂತ ಒಂದು ಗೇಣು ಎತ್ತರ. ಅದು ಅವಳ ತಪ್ಪಲ್ಲ. ಆದರೆ ತಲೆ ಬಗ್ಗಿಸಿ ಒಳಗೆ ಬಂದ ರೀತಿ ನಮ್ಮ ಬಾಗಿಲನ್ನು ಬೈದ ಹಾಗಿತ್ತು. ಅವಳದ್ದೂ ನಮ್ಮ ಕಸುಬೇ. ಊರಿನ ಆಚೆ ತುದಿಯಲ್ಲಿ ಕೋವಿ, ರಿವಾಲ್ವರ್ ರಿಪೇರಿ ಮಾಡುವ ಅಂಗಡಿ. ಗಂಡ ಹೋದ ಮೇಲೆ ಅವಳೇ ನಡೆಸುತ್ತಿದ್ದಾಳೆ, ನನ್ನ ಹಾಗೆ. ಇಷ್ಟು ವರ್ಷ ಒಬ್ಬರ ಕೆಲಸ ಒಬ್ಬರಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹಾಗೇ ಇದ್ದಿದ್ದರೆ ಸುಖವಾಗಿತ್ತು.

ಮಾತು ಚೆನ್ನಾಗಿಯೇ ಹೊರಟಿತು. ಆಮೇಲೆ ಅವಳು ಎದ್ದು ನಮ್ಮ ಗಾಜಿನ ಕಪಾಟಿನ ಮುಂದೆ ನಿಂತಳು. ಅಲ್ಲಿ ನನ್ನ ಯಜಮಾನರು ಕೈಯಾರೆ ಸರಿಮಾಡಿಟ್ಟ ನಾಲ್ಕಿಂಚು ನಳಿಗೆಯ ರಿವಾಲ್ವರ್ ಇದೆ. ಈ ಊರಿನ ಕಾವಲುಗಾರರಲ್ಲಿ ಅರ್ಧ ಜನ ಸೊಂಟಕ್ಕೆ ಕಟ್ಟುವುದು ಅಂಥದ್ದನ್ನೇ. ಅವಳು ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಚೆನ್ನಾಗಿದೆ. ಸದ್ದು ಮಾಡೋಕೆ ಸಾಕು" ಅಂದಳು.

ಹಾಗೆಂದರೇನು ಎಂದು ಕೇಳಿದೆ. ಪಾಠ ಶುರುವಾಯಿತು. ತೋಟಾದೊಳಗಿನ ಮದ್ದು ಉರಿಯಲು ಜಾಗ ಬೇಕು, ನಳಿಗೆ ಉದ್ದವಿದ್ದಷ್ಟೂ ಹೊಗೆ ಗುಂಡನ್ನು ತಳ್ಳುತ್ತಲೇ ಹೋಗುತ್ತದೆ, ಒಂದೊಂದು ಇಂಚಿಗೂ ವೇಗ ಒಂದೇ ಲೆಕ್ಕದಲ್ಲಿ ಏರುತ್ತದೆ, ಆರಿಂಚಿಗಿಂತ ಗಿಡ್ಡದ್ದೆಲ್ಲ ಆಟಿಕೆ. ಇದನ್ನು ನನ್ನ ಮನೆಯಲ್ಲಿ, ನನ್ನ ಚಹಾ ಕುಡಿದು, ನನಗೆ ಹೇಳಿದಳು. ನನ್ನ ಯಜಮಾನರು ಹೇಳುತ್ತಿದ್ದದ್ದು ಬೇರೆ. ನಾಲ್ಕಿಂಚಿನೊಳಗೆ ಮದ್ದಿನ ಕೆಲಸ ಮುಗಿಯಿತು, ಮುಂದಿನದ್ದು ಹೊರುವುದಕ್ಕೆ ಕಬ್ಬಿಣ ಅಷ್ಟೇ. ಅದನ್ನೇ ಹೇಳಿದೆ. ಅವಳ ಆರಿಂಚಿನದ್ದು ಕೈಯಲ್ಲಿ ಹಿಡಿಯುವುದಕ್ಕಿಂತ ಊರಿಕೊಂಡು ನಡೆಯಲು ಅನುಕೂಲ ಎಂಬ ಮಾತನ್ನೂ ಸೇರಿಸಿದೆ. ಸೇರಿಸದೆ ಇರಬಹುದಿತ್ತು, ಆದರೆ ಅದು ಆಗಲೇ ನಾಲಿಗೆಯ ತುದಿಗೆ ಬಂದಿತ್ತು.

ಹುಡುಗ ನೆಲ ನೋಡಿದ. ಮಗಳು ನನ್ನನ್ನು ನೋಡಿದಳು. ಆ ಹೆಂಗಸು ಶಾಲು ಸರಿಮಾಡಿಕೊಂಡು, ಕಬ್ಬಿಣದ ವಿಷಯದಲ್ಲಿ ಸುಳ್ಳು ನಂಬುವ ಮನೆಯಿಂದ ಸೊಸೆ ತರುವ ಮೊದಲು ಯೋಚಿಸಬೇಕಾಗುತ್ತದೆ ಎಂದಳು. ನನ್ನ ಯಜಮಾನರ ಕೆಲಸವನ್ನು ಆಟಿಕೆ ಎಂದವರ ಮನೆಗೆ ಮಗಳನ್ನು ಕೊಡುವ ಮೊದಲು ನಾನೂ ಯೋಚಿಸುತ್ತೇನೆ ಎಂದೆ.

ಹೋಗುವಾಗ ಬಾಗಿಲಿಗೆ ತಲೆ ಹೊಡೆಸಿಕೊಂಡಳು. ನಾನು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕೆ.

ಫೆಬ್ರವರಿ 3, ಸೋಮವಾರ

ಮಗಳು ಅಳಲಿಲ್ಲ, ಊಟ ಬಿಡಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಗಳೇ. ಕೆಲಸದ ಮೇಜಿನಲ್ಲಿ ನನ್ನ ಎದುರಿಗೆ ಕುಳಿತು ತೋಟಾಕ್ಕೆ ಬಡಿಯುವ ಕೋವಿಯ ಕುದುರೆಯೊಂದನ್ನು ಅರದಿಂದ ಉಜ್ಜುತ್ತ, ಉಜ್ಜುವುದನ್ನು ನಿಲ್ಲಿಸದೆ ಹೇಳಿದಳು. "ನಿಮ್ಮಿಬ್ಬರ ಒಪ್ಪಿಗೆ ಇಲ್ಲದೆ ಮದುವೆ ಆಗೋದು ಕಷ್ಟ ಅಲ್ಲ ಅಮ್ಮ. ಆಮೇಲೆ ಇಬ್ಬರ ಮಧ್ಯೆ ಬಾಳೋದು ಕಷ್ಟ."

ಮತ್ತೆ, ಕಬ್ಬಿಣದ ಜಗಳವನ್ನು ಕಬ್ಬಿಣವನ್ನೇ ಕೇಳಿ ತೀರಿಸಬಹುದಲ್ಲ ಎಂದಳು. ಶೂಟಿಂಗ್ ಕ್ಲಬ್ಬಿನ ರೇಂಜಿನಲ್ಲಿ ಗುಂಡಿನ ವೇಗ ಅಳೆಯುವ ಯಂತ್ರವಿದೆ. ನನ್ನ ನಾಲ್ಕಿಂಚು, ಅವರ ಆರಿಂಚು, ಒಂದೇ ಪೆಟ್ಟಿಗೆಯ ತೋಟಾ. ಯಂತ್ರ ಹೇಳಿದ್ದನ್ನು ಇಬ್ಬರೂ ಒಪ್ಪಬೇಕು, ಒಪ್ಪಿದ ದಿನ ಮದುವೆ ಗೊತ್ತು ಮಾಡಬೇಕು.

ಆಯಿತು, ಆದರೆ ತೀರ್ಮಾನವಾಗುವವರೆಗೆ ಮದುವೆಯ ಮಾತು ಬೇಡ, ಸೋತವಳು ಎಲ್ಲರ ಮುಂದೆ ಸೋತೆ ಎನ್ನಬೇಕು ಎಂದೆ. ಮಗಳು ಹುಡುಗನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಆ ಹೆಂಗಸು ಒಪ್ಪಿಗೆ ಎಂದದ್ದು ಫೋನಿನಿಂದ ಇಷ್ಟು ದೂರಕ್ಕೂ ಕೇಳಿಸಿತು.

ಫೆಬ್ರವರಿ 9, ಭಾನುವಾರ

ಗೆದ್ದೆ.

ನಿಧಾನವಾಗಿ, ಮೊದಲಿನಿಂದ ಬರೆಯುತ್ತೇನೆ.

ರೇಂಜನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಸೀಟಿ ಎನ್ನುತ್ತಾರೆ. ಮೊದಲು ಪರೇಡ್ ಮಾಡಿಸುತ್ತಿದ್ದವನಂತೆ. ಸೀಟಿ ಊದಿದರೆ ಗುಂಡು, ಮತ್ತೆ ಊದಿದರೆ ಎಲ್ಲರೂ ಆಯುಧ ಕೆಳಗಿಟ್ಟು ಹಿಂದೆ ಸರಿಯಬೇಕು. ಮಾತಿಗಿಂತ ಸೀಟಿಯಲ್ಲೇ ಹೆಚ್ಚು ಮಾತಾಡುತ್ತಾನೆ. ಯಂತ್ರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು, ಎರಡು ಕಮಾನು ನೆಟ್ಟ ಒಂದು ಡಬ್ಬ. ಗುಂಡು ಮೊದಲ ಕಮಾನನ್ನು ದಾಟಿ ಎರಡನೆಯದನ್ನು ದಾಟುವಷ್ಟರಲ್ಲಿ ಹಿಡಿದ ಹೊತ್ತಿನಿಂದ, ಸೆಕೆಂಡಿಗೆ ಎಷ್ಟು ಅಡಿ ಎಂದು ತೋರಿಸುತ್ತದೆ.

ನಾನು ಇಷ್ಟು ವರ್ಷ ಹಾರಿಸಿದ್ದೆಲ್ಲ ಅಂಗಡಿಯ ಹಿಂದಿನ ಮರಳಿನ ಪೆಟ್ಟಿಗೆಗೆ, ರಿಪೇರಿ ಸರಿಯಾಗಿದೆಯೇ ಎಂದು ನೋಡಲು. ಗುಂಡು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಪ್ರಶ್ನೆಯೇ ಇರಲಿಲ್ಲ. ಇವತ್ತು ಮುಂದೆ ಬಯಲು, ದೂರದಲ್ಲಿ ಮಣ್ಣಿನ ದಿಬ್ಬ, ಕಿವಿಗೆ ಮುಚ್ಚಳ. ಸೀಟಿ ಊದಿದ. ನಾನು ಒತ್ತಿದೆ. ಡಬ್ಬದ ಮೇಲೆ ಎಂಟುನೂರ ಹತ್ತು. ಸಿಲಿಂಡರ್ ಖಾಲಿಯಾಗುವವರೆಗೆ ಅದರ ಆಚೆ ಈಚೆಯೇ ಬಂತು.

ಆ ಹೆಂಗಸು ತನ್ನ ಆರಿಂಚಿನ ಊರುಗೋಲನ್ನು ತೆಗೆದು, ಕಾಲು ಅಗಲಿಸಿ, ಮೇಜಿನ ಮೇಲೆ ಕೈ ಊರಿ, ಊರಿಗೆ ಊರೇ ನೋಡುತ್ತಿದೆ ಎಂಬಂತೆ ನಿಂತಳು. ಏಳುನೂರ ತೊಂಬತ್ತು ಚಿಲ್ಲರೆ. ಮತ್ತೆ ಅಷ್ಟೇ. ಮತ್ತೂ ಕಡಿಮೆ. ಎರಡಿಂಚು ಹೆಚ್ಚಿನ ನಳಿಗೆ, ವೇಗ ನನಗಿಂತ ಕಡಿಮೆ.

ಗೆದ್ದೆ ಎಂದು ನನ್ನ ಮುಖ ಹೇಳಿರಬೇಕು, ಅದಕ್ಕೆ ನಾನು ಜವಾಬ್ದಾರಳಲ್ಲ. ಅವಳು ಬಿಸಿಲು ಯಂತ್ರದ ಕಣ್ಣಿಗೆ ಬಿದ್ದಿದೆ ಎಂದಳು. ಸೀಟಿ ಒಂದು ಹಲಗೆಯನ್ನು ನೆರಳಿಗೆ ಹಿಡಿದ. ಆಗಲೂ ಅಷ್ಟೇ ಬಂತು. ಬರುವ ಭಾನುವಾರದವರೆಗೆ ಸಮಯ ಕೊಡಿ ಎಂದು ಕೇಳಿದಳು. ದೊಡ್ಡ ಮನಸ್ಸು ಮಾಡಿ ಕೊಟ್ಟೆ.

ಪಾತ್ರೆ ತೊಳೆಯುವಾಗ ನಾನು ಹಾಡಿದೆನಂತೆ. ಮಗಳು ಹೇಳಿದ್ದು. ನಾನು ಹಾಡುವವಳಲ್ಲ.

ಫೆಬ್ರವರಿ 11, ಮಂಗಳವಾರ

ಗೆದ್ದವಳಿಗೆ ನಿದ್ದೆ ಚೆನ್ನಾಗಿ ಬರಬೇಕಿತ್ತು.

ಭಾನುವಾರ ರೇಂಜಿನ ಮೇಜಿಗೆ ಹಾಸಲು ಕೊಟ್ಟಿದ್ದ ನಮ್ಮ ಬಿಳಿ ಬಟ್ಟೆಯನ್ನು ಇವತ್ತು ಒಗೆಯಲು ಬಿಡಿಸಿದೆ. ನಾನು ಕೈ ಊರಿದ್ದ ಕಡೆ ಎಣ್ಣೆಯ ಕಲೆ ಅಷ್ಟೇ. ಅವಳು ಊರಿದ್ದ ಕಡೆ, ಎಡಕ್ಕೂ ಬಲಕ್ಕೂ, ಕಾದ ಸೌಟು ಇಟ್ಟ ಹಾಗೆ ಎರಡು ಕಂದು ಗೆರೆ. ಬಟ್ಟೆ ಸುಟ್ಟಿದೆ.

ಈ ಕಸುಬಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ರಿವಾಲ್ವರಿನಲ್ಲಿ ತೋಟಾ ಕೂರುವ ಸಿಲಿಂಡರ್ ಬೇರೆ, ನಳಿಗೆ ಬೇರೆ. ಮಧ್ಯೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಇಲ್ಲವಾದರೆ ಸಿಲಿಂಡರ್ ತಿರುಗದು. ಆ ಸಂದು ಸವೆದು ಅಗಲವಾದರೆ ಗುಂಡನ್ನು ತಳ್ಳಬೇಕಾದ ಬಿಸಿ ಹೊಗೆ ಪಕ್ಕಕ್ಕೆ ಸೋರುತ್ತದೆ. ಅವಳ ನಳಿಗೆ ಸೋತಿಲ್ಲ, ಸೋರಿದೆ. ನಾವಿಬ್ಬರೂ ಎರಡು ರಿವಾಲ್ವರಿನ ನಡುವೆ ಇರುವ ವ್ಯತ್ಯಾಸ ಇಂಚು ಮಾತ್ರ ಎಂದುಕೊಂಡಿದ್ದೆವು. ಅಂಗಡಿಗೆ ಬರುವ ಗಿರಾಕಿ ಹಾಗೆ ಅಂದುಕೊಂಡರೆ ನಾನು ಬೈಯುತ್ತೇನೆ.

ಇದನ್ನು ಅವಳು ಇನ್ನೂ ಕಂಡಿಲ್ಲ. ಬಟ್ಟೆ ನನ್ನ ಹತ್ತಿರ ಇದೆ. ಬಕೆಟ್ಟಿಗೆ ಹಾಕಿದರೆ ಭಾನುವಾರ ಅವಳು ಸೋತೆ ಎನ್ನುತ್ತಾಳೆ, ಮಗಳ ಮದುವೆ ಆಗುತ್ತದೆ, ಯಜಮಾನರ ಮಾತೂ ಉಳಿಯುತ್ತದೆ.

ಒಗೆಯಲಿಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಸೋರುವ ರಿವಾಲ್ವರಿನ ಎದುರು ಗೆಲ್ಲುವುದು ಕುಂಟನ ಜೊತೆ ಓಡಿದ ಹಾಗೆ. ನನಗೆ ಅಂಥ ಗೆಲುವು ಬೇಕಿಲ್ಲ. ಬೇರೆ ಯಾವ ಕಾರಣವೂ ಇಲ್ಲ.

ಫೆಬ್ರವರಿ 12, ಬುಧವಾರ

ಅವಳ ಅಂಗಡಿಗೆ ಹೋಗಿದ್ದೆ. ನೆಲ ನನ್ನ ಅಂಗಡಿಯದಕ್ಕಿಂತ ಸ್ವಚ್ಛವಾಗಿತ್ತು. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಬಟ್ಟೆಯನ್ನು ಮೇಜಿನ ಮೇಲೆ ಹರಡಿದೆ. ಅವಳು ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗಿನಿಂದ ಆರಿಂಚನ್ನು ತಂದಳು. ನಾನು ಚೀಲದಿಂದ ಸಂದು ಅಳೆಯುವ ತಗಡಿನ ಗೇಜು ತೆಗೆದೆ. ತೆಳು ತಗಡು ಸಂದಿನಲ್ಲಿ ಗಲಗಲ ಅಲ್ಲಾಡಿತು. ಅದಕ್ಕಿಂತ ದಪ್ಪದ್ದೂ ಹೋಯಿತು. ಅದಕ್ಕಿಂತ ದಪ್ಪದ್ದೂ.

ಇಂಥ ಅಂಗಡಿಯಲ್ಲಿ ಇಂಥ ಸಂದನ್ನು ಹೇಗೆ ಬಿಟ್ಟಿರಿ ಎಂದು ಕೇಳಿದೆ. ನಾನು ಕೇಳಿದ್ದು ಕಸುಬಿನ ಪ್ರಶ್ನೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಕೂತರೆ ಅಷ್ಟೇನೂ ಎತ್ತರವಿಲ್ಲ.

"ಅದನ್ನ ಕಡೇಸಲ ಬಿಗಿದಿದ್ದು ಅವರು" ಅಂದಳು. "ಆಮೇಲೆ ನಾನು ಬಿಚ್ಚಿಲ್ಲ."

ನಾನು ಗೇಜಿನ ತಗಡುಗಳನ್ನು ಒಂದೊಂದಾಗಿ ಮಡಿಸಿದೆ. ನಮ್ಮ ಗಾಜಿನ ಕಪಾಟಿನ ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ, ಮಗಳಿಗೂ ಕೊಡುವುದಿಲ್ಲ. ಅದು ಈ ಮಾತಿಗೆ ಸಂಬಂಧವಿಲ್ಲದ್ದು.

ನಾನು ಬಿಚ್ಚಲೇ ಎಂದು ಕೇಳಿದೆ. ಬಿಚ್ಚಿ ಎಂದಳು. ಮನೆಗೆ ತಂದು, ನಳಿಗೆಯನ್ನು ಒಂದು ಸುತ್ತು ಒಳಕ್ಕೆ ಕೂರಿಸಿ, ಅದರ ಹಿಂತುದಿಯನ್ನು ಅರದಿಂದ ಸಮಮಾಡಿ, ಸಂದನ್ನು ಕೂದಲೆಳೆಗೆ ತಂದೆ. ಅವಳ ಗಂಡನ ಕೆಲಸ ಒಳ್ಳೆಯದು. ಮರೆಯ ಜಾಗದಲ್ಲೂ ಒಂದು ಗೀರಿಲ್ಲ. ಎದುರು ಕೂತಿದ್ದ ಮಗಳು ನಗುತ್ತಿದ್ದಳು. ಏಕೆಂದು ಕೇಳಿದರೆ, "ನಿಮ್ಮನ್ನ ನೀವೇ ಸೋಲಿಸೋಕೆ ಇಷ್ಟು ಶ್ರದ್ಧೆಯಿಂದ ಕೂತಿದ್ದೀರಲ್ಲ ಅಮ್ಮ, ಅದಕ್ಕೆ" ಎಂದಳು.

ಫೆಬ್ರವರಿ 16, ಭಾನುವಾರ

ಸೋತೆ. ಆದರೆ ಪೂರ್ತಿ ಅಲ್ಲ.

ನಾನು ಸರಿಮಾಡಿದ ಆರಿಂಚು ಎಂಟುನೂರ ನಲವತ್ತು ದಾಟಿತು. ನನ್ನ ನಾಲ್ಕಿಂಚು ಇದ್ದಲ್ಲೇ ಇತ್ತು. ಹೊರುವ ಕಬ್ಬಿಣ ಎಂದು ಯಜಮಾನರು ಹೇಳಿದ ಎರಡಿಂಚು ಕೆಲಸ ಮಾಡಿತು. ಅವಳು ಕುಣಿಯುತ್ತಾಳೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವಳು ಕುಣಿಯಲಿಲ್ಲ. ಚೀಲದಿಂದ ಎರಡಿಂಚಿನದ್ದೊಂದು, ಎಂಟಿಂಚಿನದ್ದೊಂದು ತೆಗೆದು, ಇವನ್ನೂ ನೋಡೋಣ ಎಂದಳು. ಎರಡರ ಸಂದನ್ನೂ ನಮ್ಮ ಸಂದಿಗೆ ಸಮ ಮಾಡಿ ತಂದಿದ್ದಳು.

ಎರಡರಿಂದ ನಾಲ್ಕಕ್ಕೆ ವೇಗ ಚಂಗನೆ ಹಾರಿತು. ನಾಲ್ಕರಿಂದ ಆರಕ್ಕೆ ಅದರ ಅರ್ಧದಷ್ಟು ಏರಿತು. ಆರರಿಂದ ಎಂಟಕ್ಕೆ ಏರಿತೋ ಇಲ್ಲವೋ ಎನ್ನುವಷ್ಟು. ಒಂದೊಂದು ಇಂಚಿಗೂ ಒಂದೇ ಲೆಕ್ಕ ಎಂದಿದ್ದ ಅವಳ ಪಾಠವೂ ಅಲ್ಲಿಗೆ ಮಣ್ಣಿನ ದಿಬ್ಬ ಸೇರಿತು.

"ಹಾಗಾದ್ರೆ ಇಬ್ಬರೂ ತಪ್ಪು. ಮುಗೀತಲ್ಲ" ಅಂದ ಹುಡುಗ. ಪಾಪ, ಎಷ್ಟು ಆಸೆಯಿಂದ ಹೇಳಿದ.

ಮುಗಿದಿಲ್ಲ ಎಂದು ನಾನೂ ಅವಳೂ ಒಟ್ಟಿಗೆ ಹೇಳಿದೆವು. ಯಾರು ಹೆಚ್ಚು ತಪ್ಪು ಎನ್ನುವುದು ಗೊತ್ತಾಗಬೇಡವೇ. ಮಗಳು ಹುಡುಗನನ್ನು ಕರೆದುಕೊಂಡು ಚಹಾ ಕುಡಿಯಲು ಹೋದಳು. ನಾವು ತೋಟಾ ಮುಗಿಯುವವರೆಗೆ ಇದ್ದೆವು.

ಫೆಬ್ರವರಿ 19, ಬುಧವಾರ

ಇವತ್ತು ನಾನೂ ಬೀಗಿತ್ತಿಯೂ ತೋಟಾ ಮಾರುವವನ ಅಂಗಡಿಗೆ ಹೋಗಿ ಅವನ ಬೆವರಿಳಿಸಿದೆವು.

ಅವನ ಪೆಟ್ಟಿಗೆಯ ಮೇಲೆ ವೇಗ ಒಂಬೈನೂರು ಎಂದು ಅಚ್ಚಾಗಿದೆ. ನಮ್ಮ ಎಂಟಿಂಚೂ ಅದನ್ನು ಮುಟ್ಟಿಲ್ಲ. ಮೊದಲು ನಾನು ಕೇಳಿದೆ, ನಯವಾಗಿ. ಆಮೇಲೆ ಬೀಗಿತ್ತಿ ಕೌಂಟರಿನ ಮೇಲೆ ಬಗ್ಗಿ ಕೇಳಿದಳು. ಅಷ್ಟು ಎತ್ತರದಿಂದ ಬಗ್ಗಿ ಕೇಳಿದರೆ ಯಾರಾದರೂ ನಿಜ ಹೇಳುತ್ತಾರೆ. ಕಾರ್ಖಾನೆಯವರು ಅಳೆಯುವುದು ರಿವಾಲ್ವರಿನಲ್ಲಿ ಅಲ್ಲವಂತೆ. ತೋಟಾ ಕೂರುವ ಜಾಗವೂ ನಳಿಗೆಯೂ ಒಂದೇ ತುಂಡಾದ, ಸಂದೇ ಇಲ್ಲದ, ಮೊಳದುದ್ದಕ್ಕೆ ಹತ್ತಿರ ಬರುವ ಕೊಳವೆಯಲ್ಲಿ. ಅದನ್ನು ಯಾರು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ ಎಂದು ಬೀಗಿತ್ತಿ ಕೇಳಿದಳು. ಕಟ್ಟಿಕೊಂಡರೆ ಕೂರುವುದು ಹೇಗೆ ಎಂದು ನಾನು ಕೇಳಿದೆ. ಅವನು ತಾನು ಮಾರುವವನು ಮಾತ್ರ, ಅಚ್ಚು ಹಾಕಿದವನಲ್ಲ ಎಂದು ಕೈ ಮುಗಿದ.

ಹೊರಗೆ ಬಂದು ಐಸ್‌ಕ್ರೀಂ ತಿಂದೆವು. ಬೀದಿಯಲ್ಲಿ, ನಿಂತುಕೊಂಡು. ಅವಳು ನನ್ನನ್ನು ಅಕ್ಕ ಎಂದು ಕರೆದಳು. ವಯಸ್ಸಿನಲ್ಲಿ ನೀವೇ ದೊಡ್ಡವರು, ನಾನು ಹೇಗೆ ಅಕ್ಕ ಎಂದೆ. ಅವಳು ಹುಟ್ಟಿದ ವರ್ಷ ಹೇಳಿದಳು. ನಾನು ನನ್ನದನ್ನು ಸ್ವಲ್ಪ ಈಚೆಗೆ ಸರಿಸಿ ಹೇಳಿದೆ. ಅವಳು ತನ್ನದನ್ನೂ ಸರಿಸಿದಳು. ಐಸ್‌ಕ್ರೀಂ ಮುಗಿಯುವಷ್ಟರಲ್ಲಿ ನಾವಿಬ್ಬರೂ ನಮ್ಮ ಮಕ್ಕಳಿಗಿಂತ ತುಸುವೇ ದೊಡ್ಡವರಾಗಿದ್ದೆವು.

ಅಂಗಡಿಗೆ ಬಂದಾಗ ಗಿರಾಕಿಗಳು ಕಾಯುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಮಗಳು ಕೇಳಿದಳು. ಕೆಲಸದ ಮೇಲೆ ಎಂದೆ. ನಿಮ್ಮ ಮೂಗಿನ ಮೇಲೆ ಕೆಲಸ ಇನ್ನೂ ಇದೆ, ಒರೆಸಿಕೊಳ್ಳಿ ಎಂದಳು.

ಫೆಬ್ರವರಿ 23, ಭಾನುವಾರ

ಎಲ್ಲ ತಲೆಕೆಳಗಾಯಿತು.

ಬೀಗಿತ್ತಿ ಬೇರೊಂದು ತೋಟಾ ತಂದಿದ್ದಳು. ಗುಂಡು ಅದೇ, ಒಳಗಿನ ಮದ್ದು ನಿಧಾನವಾಗಿ ಉರಿಯುವಂಥದ್ದು. ಉದ್ದ ನಳಿಗೆಯಲ್ಲಿ ಅದು ಕಡೆಯವರೆಗೂ ಉರಿದು ತಳ್ಳಿತು. ಆರಿಂಚು, ಎಂಟಿಂಚು ಎರಡೂ ಹಿಂದಿನ ಎಲ್ಲ ಅಂಕಿಗಳನ್ನು ದಾಟಿ ಹೋದವು, ಎಂಟಕ್ಕೂ ಈ ಸಲ ಒಳ್ಳೆಯ ಲಾಭ. ನನ್ನ ನಾಲ್ಕಿಂಚು ಬಹಳ ಹಿಂದೆ ಬಿತ್ತು. ಎರಡಿಂಚನ್ನು ನಾನೇ ಹಾರಿಸಿದೆ. ಗುಂಡು ಹೊರಬಿದ್ದ ಮೇಲೂ ಮದ್ದು ಉರಿಯುತ್ತಲೇ ಇತ್ತು. ನಳಿಗೆಯ ಬಾಯಿಂದ ಕುಂಬಳಕಾಯಿ ಗಾತ್ರದ ಬೆಂಕಿ. ಹಾಡುಹಗಲಲ್ಲಿ ನಮ್ಮೆಲ್ಲರ ನೆರಳು ಹಿಂದಿನ ಗೋಡೆಯ ಮೇಲೆ ಬಿತ್ತು ಎಂದು ಹುಡುಗ ಹೇಳುತ್ತಾನೆ. ವೇಗ ಮಾತ್ರ ಏನೂ ಇಲ್ಲ.

ರಿವಾಲ್ವರನ್ನು ಕೆಳಗಿಟ್ಟು ತಿರುಗಿದೆ. ಬೀಗಿತ್ತಿ ಬಾಯಿ ತೆರೆದು ನಿಂತಿದ್ದಳು. ನನಗೆ ನಗು ಬಂತು. ಅವಳಿಗೂ ಬಂತು. ನಿಲ್ಲಿಸಲು ನೋಡಿದೆ, ಅವಳ ಮುಖ ನೋಡಿದಾಗಲೆಲ್ಲ ಮತ್ತೆ ಬಂತು. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆವು. ಸೀಟಿ ಸೀಟಿ ಊದಿ ರೇಂಜನ್ನು ಬಂದ್ ಮಾಡಿದ, ನಗುವವರ ಕೈಗೆ ಆಯುಧ ಕೊಡುವ ಹಾಗಿಲ್ಲವಂತೆ. ಶಾಲೆಯಲ್ಲಿ ಕೂಡ ನನ್ನನ್ನು ಯಾರೂ ಹೊರಗೆ ನಿಲ್ಲಿಸಿದವರಿಲ್ಲ.

ಈಗ ಒಂದೊಂದು ಮದ್ದಿಗೂ ಒಂದೊಂದು ನಳಿಗೆಯಲ್ಲಿ ಮತ್ತೆ ಮೊದಲಿನಿಂದ ಅಳೆಯಬೇಕು. ಬಹಳ ಕೆಲಸವಿದೆ. ಬೀಗಿತ್ತಿ ಲೆಕ್ಕ ಹಾಕಿದಳು, ಬೇಸಿಗೆ ಮುಗಿಯುವವರೆಗೂ ಆಗುತ್ತದಂತೆ.

ಫೆಬ್ರವರಿ 26, ಬುಧವಾರ

ಮಗಳು ಊಟಕ್ಕೆ ಕೂತಾಗ ಹೇಳಿದಳು. ನೋಂದಣಿ ಕಚೇರಿಯಲ್ಲಿ ದಿನ ಸಿಕ್ಕಿದೆ. ಮಾರ್ಚ್ ಆರು, ಗುರುವಾರ, ಹನ್ನೊಂದು ಗಂಟೆ. ಎರಡು ಅಂಗಡಿಗೂ ಮಧ್ಯದಲ್ಲಿ ಬಾಡಿಗೆಗೆ ಮಹಡಿ ಮನೆಯೂ ಸಿಕ್ಕಿದೆ.

ತೀರ್ಮಾನವಾಗದೆ ಮದುವೆ ಇಲ್ಲ ಎಂದು ಮಾತಾಗಿತ್ತಲ್ಲ ಎಂದೆ.

"ನಿಮ್ಮಿಬ್ಬರಿಗೂ ತೀರ್ಮಾನ ಬೇಕಾಗಿಲ್ಲ ಅಮ್ಮ. ಇನ್ನೊಂದು ಭಾನುವಾರ ಬೇಕು, ಅಷ್ಟೆ." ಅವಳು ಕೋಪದಿಂದ ಹೇಳಲಿಲ್ಲ. ಅದೇ ಕೆಟ್ಟದ್ದು. "ಬಂದ್ರೆ ಸಾಕ್ಷಿಗೆ ನಿಮ್ಮ ಸಹಿ. ಬರದೆ ಇದ್ರೆ ಸೀಟಿ ಮಾವ ಹಾಕ್ತಾರೆ. ಕೇಳಿ ಆಗಿದೆ."

ಹಾಕಿಸಿಕೋ ಎಂದೆ. ತಟ್ಟೆ ಎತ್ತಿಕೊಂಡು ಎದ್ದೆ.

ಹಠ ಯಾರಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ.

ಫೆಬ್ರವರಿ 28, ಶುಕ್ರವಾರ

ಮಗಳು ತನ್ನ ಅರಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಕೆಲಸಕ್ಕೆ ದಿನವೂ ಬರುತ್ತಾಳಂತೆ, ಆದರೆ ಅರ್ಧ ದಿನ ಅಲ್ಲಿ, ಅರ್ಧ ದಿನ ಇಲ್ಲಿ. ಎದುರುಗಡೆಯ ಮೇಜು ಖಾಲಿ. ಅಂಗಡಿ ಅಗಲವಾಗಿ ಕಾಣುತ್ತಿದೆ. ಕಿಟಕಿಯ ಬೆಳಕಿನ ದೋಷ.

ಮಾರ್ಚ್ 4, ಮಂಗಳವಾರ

ಬೀಗಿತ್ತಿ ಬಂದಿದ್ದಳು. ಬಾಗಿಲಿನ ಮುಂದೆ ತಾನಾಗಿಯೇ ತಲೆ ಬಗ್ಗಿಸಿದಳು, ಅಭ್ಯಾಸವಾಗಿದೆ. ಅವಳ ಮನೆಯಲ್ಲೂ ಇದೇ ಮಾತಾಗಿದೆ. ಹುಡುಗ ತಾಯಿಗೆ ಎದುರು ಆಡದವನು, ಮೊದಲ ಸಲ ಆಡಿದ್ದಾನೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಇಬ್ಬರೂ ಮೂರು ಸುತ್ತು ಚಹಾ ಕುಡಿದೆವು.

ಆಮೇಲೆ ಅವಳು ಲೋಟದೊಳಗೆ ನೋಡುತ್ತ ಹೇಳಿದಳು. "ಮದುವೆ ಆಗಿಬಿಟ್ರೆ ಆಮೇಲೆ ನಾವು ಯಾಕೆ ರೇಂಜಿಗೆ ಹೋಗ್ತೀವಿ ಅಕ್ಕ?"

ಪ್ರಶ್ನೆಯೇ ಅರ್ಥವಿಲ್ಲದ್ದು. ಕೆಲಸವಿದ್ದರೆ ಹೋಗುತ್ತೇವೆ, ಇಲ್ಲದಿದ್ದರೆ ಇಲ್ಲ.

ಉಪಾಯ ನಾನೇ ಹೇಳಿದೆ. ಗುರುವಾರ ಬೆಳಿಗ್ಗೆ ಬೇಗ ರೇಂಜಿಗೆ ಹೋಗುವುದು, ಒಂದು ಕಡೆಯ ಸುತ್ತು ಹಾರಿಸಿ ಸೋತವರು ಯಾರೆಂದು ತೀರ್ಮಾನಿಸುವುದು, ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ ಸಹಿ ಹಾಕುವುದು. ಷರತ್ತೂ ಉಳಿಯಿತು, ಮದುವೆಯೂ ಉಳಿಯಿತು. ಮಕ್ಕಳಿಗೆ ಹೇಳುವುದು ಬೇಡ, ಅಷ್ಟು ಸುಲಭವಾಗಿ ಬಗ್ಗಿದೆವು ಎಂದುಕೊಂಡಾರು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ನಾನು ಹೋದಾಗ ಬೀಗಿತ್ತಿ ರೇಂಜಿನ ಗೇಟಿಗೆ ಒರಗಿ ನಿಂತಿದ್ದಳು. ಬೀಗ ಹಾಕಿತ್ತು. ಸೀಟಿ ಚಹಾ ಕುಡಿಯಲು ಹೋಗಿರಬೇಕು ಎಂದಳು. ಕಾದೆವು. ಆಯುಧದ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು, ನಿಧಾನದ ಮದ್ದು ಮೊದಲೋ ಬೇಗದ್ದು ಮೊದಲೋ ಎಂದು ಮಾತು ಹಿಡಿಯಿತು. ಅಲ್ಲಿಂದ ಅವಳ ಗಂಡನ ಗೊರಕೆಗೆ ಬಂತು, ಅಲ್ಲಿಂದ ನನ್ನ ಯಜಮಾನರ ಗೊರಕೆಗೆ. ಯಾರ ಗೊರಕೆ ದೊಡ್ಡದಿತ್ತು ಎನ್ನುವುದನ್ನು ಈಗ ಅಳೆಯುವ ಯಂತ್ರವಿಲ್ಲ. ಬಿಸಿಲು ಏರಿದ್ದು ಗೊತ್ತಾಗಲಿಲ್ಲ.

ಬೀಗಿತ್ತಿ ಶಾಲು ಕೊಡವಲು ಮುಂದಕ್ಕೆ ಸರಿದಳು. ಅವಳ ಬೆನ್ನ ಹಿಂದೆ ಗೇಟಿಗೆ ಒಂದು ರಟ್ಟು ಕಟ್ಟಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಮದುವೆಗೆ ಹೋಗಿದ್ದೇನೆ, ಇವತ್ತು ರಜೆ.

"ಯಾರ ಮದುವೆ?" ಎಂದಳು ಬೀಗಿತ್ತಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹತ್ತೂವರೆ ಆಗಿತ್ತು.

ನಾನು ಓಡಿದೆ ಎಂದು ಬರೆಯುವುದಿಲ್ಲ. ಬೇಗ ನಡೆದೆ, ರಸ್ತೆ ಇಳಿಜಾರಾಗಿತ್ತು. ಬೀಗಿತ್ತಿಯ ಕಾಲು ಉದ್ದ, ಮುಂದೆ ಹೋಗಿ ಬ್ರೆಡ್ ಹಂಚುವ ವ್ಯಾನಿಗೆ ಅಡ್ಡ ನಿಂತಳು. ಹಿಂದಿನ ಬಾಗಿಲಿನಿಂದ ಕೈ ಚಾಚಿ, "ಬೇಗ ಬಾರೇ" ಎಂದು ಕೂಗಿದಳು. ನನ್ನನ್ನು ಹಾಗೆ ಕರೆದವರು ಈಗ ಯಾರೂ ಉಳಿದಿಲ್ಲ. ಅದರ ಬಗ್ಗೆ ಆಮೇಲೆ ಮಾತಾಡಬೇಕು ಎಂದುಕೊಂಡೆ. "ಬಂದೆ ಕಣೇ" ಎಂದು ಹೇಳಿದೆ, ಗಡಿಬಿಡಿಯಲ್ಲಿ ಬೇರೆ ಮಾತು ಸಿಗಲಿಲ್ಲ. ದಾರಿಯುದ್ದಕ್ಕೂ ಬಿಸಿ ಬ್ರೆಡ್ಡಿನ ತಟ್ಟೆಗಳ ಮಧ್ಯೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದೆವು.

ಕಚೇರಿಯ ಬಾಗಿಲಲ್ಲಿ ಕಾವಲುಗಾರ ತಡೆದ. ಆಯುಧ ಒಳಗೆ ತರುವ ಹಾಗಿಲ್ಲ. ನಾನು ಪರವಾನಗಿ ತೆಗೆಯುವಷ್ಟರಲ್ಲಿ ಅವನು ನನ್ನ ಗುರುತು ಹಿಡಿದ. ಅವನ ಸೊಂಟದಲ್ಲಿ ನಮ್ಮ ಅಂಗಡಿಯ ನಾಲ್ಕಿಂಚು ಇತ್ತು. ಅಂಥ ಹೊತ್ತಿನಲ್ಲೂ ನಾನು ಬೀಗಿತ್ತಿಯ ಕಡೆ ಒಮ್ಮೆ ನೋಡಿದೆ. ಅಂಥ ಹೊತ್ತಿನಲ್ಲೂ ಅವಳು ಬೇರೆ ಕಡೆ ನೋಡಿದಳು. ಪೆಟ್ಟಿಗೆಗಳನ್ನು ಅವನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿಸಿ ಒಳಗೆ ಹೋದೆವು.

ಸೀಟಿ ಇಸ್ತ್ರಿ ಹಾಕಿದ ಕೋಟು ತೊಟ್ಟು, ಸಾಕ್ಷಿಯ ಜಾಗದ ಮೇಲೆ ಪೆನ್ನು ಹಿಡಿದಿದ್ದ. ಮಗಳು ನಮ್ಮನ್ನು ನೋಡಿದಳು. ಶಾಲಿನ ತುಂಬ ಹಿಟ್ಟು ಮೆತ್ತಿಕೊಂಡ ಇಬ್ಬರು. ಅವಳ ಮುಖ ಅರಳಿದ್ದು ನನಗೆ ಕಂಡಿತು, ಆದರೆ ಅವಳು ಅದನ್ನು ತಕ್ಷಣ ಮಡಿಸಿಟ್ಟಳು. ಸೀಟಿಯ ಕೈಯಿಂದ ಪೆನ್ನು ತೆಗೆದುಕೊಂಡು, ಪುಸ್ತಕದ ಮೇಲೆ ಅಂಗೈ ಅಗಲಿಸಿ ಇಟ್ಟಳು.

"ಷರತ್ತು ನಿಮ್ಮದೇ" ಅಂದಳು. "ತೀರ್ಮಾನ ಹೇಳಿ, ಆಮೇಲೆ ಸಹಿ. ಸೋತಿದ್ದು ಯಾರು?"

ಗುಮಾಸ್ತ ಗಡಿಯಾರ ನೋಡಿದ. ಹೊರಗೆ ಇನ್ನೊಂದು ಜೋಡಿ ಕಾಯುತ್ತಿತ್ತು. ಹುಡುಗನ ಮುಖದಲ್ಲಿ ರಕ್ತವಿರಲಿಲ್ಲ. ತೀರ್ಮಾನ ಇರಲಿಲ್ಲ, ಇವತ್ತು ಒಂದು ಗುಂಡೂ ಹಾರಿರಲಿಲ್ಲ. ಮಗಳ ಅಂಗೈ ಪುಸ್ತಕದ ಮೇಲೆ ಹಾಗೇ ಇತ್ತು. ಚಿಕ್ಕವಳಿದ್ದಾಗ ಆ ಕೈಗೆ ಅರ ಹಿಡಿಯುವುದನ್ನು ಕಲಿಸಿದವಳು ನಾನು.

"ನಾನು" ಎಂದೆ.

ಅದೇ ಗಳಿಗೆಯಲ್ಲಿ ಪಕ್ಕದಿಂದ, ಒಂದು ಗೇಣು ಮೇಲಿನಿಂದ, ಬೀಗಿತ್ತಿಯೂ "ನಾನು" ಎಂದಳು.

ಇದು ನನಗೆ ಒಪ್ಪಿಗೆಯಾಗಲಿಲ್ಲ. ನಾಲ್ಕಿಂಚು ಆರಿಂಚಿಗಿಂತ ಹಿಂದೆ ಬಿದ್ದದ್ದು ಎಲ್ಲರೂ ನೋಡಿದ್ದಾರೆ, ಸೋತದ್ದು ನಾನೇ ಎಂದೆ. ಒಂದೊಂದು ಇಂಚಿಗೂ ಒಂದೇ ಲೆಕ್ಕ ಎಂದು ಬೊಗಳೆ ಬಿಟ್ಟವಳು ತಾನು, ಆರಿಂಚನ್ನು ಸರಿಮಾಡಿ ಗೆಲ್ಲಿಸಿದ್ದು ಕೂಡ ನನ್ನ ಕೈ, ಆದ್ದರಿಂದ ಸೋತದ್ದು ತಾನೇ ಎಂದಳು ಅವಳು. ನಿಧಾನದ ಮದ್ದನ್ನು ಮರೆತೆಯಾ ಎಂದು ನಾನು ಕೇಳಿದೆ. ಬೇಗದ ಮದ್ದಿನಲ್ಲಿ ಎಂಟಿಂಚಿನ ಗತಿ ಏನಾಯಿತು ಹೇಳು ಎಂದು ಅವಳು ಕೇಳಿದಳು. ಧ್ವನಿ ಏರಿತು. ಗುಮಾಸ್ತ ಎದ್ದು ನಿಂತ. ಸೀಟಿ ಕೋಟಿನ ಜೇಬಿನಿಂದ ಸೀಟಿ ತೆಗೆದು, ನೋಂದಣಿ ಕಚೇರಿಯಲ್ಲಿ, ಊದಿದ.

ಇಬ್ಬರೂ ಅಭ್ಯಾಸಬಲದಿಂದ ಕೈ ಕೆಳಗಿಳಿಸಿ ಹಿಂದೆ ಸರಿದು ನಿಂತೆವು. ಮಗಳು ನಗುತ್ತ ಅಂಗೈ ತೆಗೆದಳು, ಅವಳ ಕಣ್ಣು ಒದ್ದೆಯಾಗಿತ್ತು. ಹುಡುಗ ಸಹಿ ಹಾಕಿದ, ಅವಳು ಹಾಕಿದಳು, ಆಮೇಲೆ ನಾನು, ನನ್ನ ಕೆಳಗೆ ಬೀಗಿತ್ತಿ. ಗುಮಾಸ್ತ ಪುಸ್ತಕವನ್ನು ಎಳೆದುಕೊಂಡು ಮುಚ್ಚಿದ.

ಅಂತೂ ಮಗಳ ಮದುವೆಯಾಯಿತು. ಅವಳ ಕೋಣೆಯ ಬಾಗಿಲು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಇಷ್ಟು ಹೊತ್ತಿಗೆ ಅಳಬೇಕಿತ್ತು, ಅದಕ್ಕೆಂದೇ ಕರವಸ್ತ್ರವನ್ನೂ ಒಗೆದಿಟ್ಟಿದ್ದೆ. ಆದರೆ ಬೀಗಿತ್ತಿ ಕಚೇರಿಯ ಮೆಟ್ಟಿಲಲ್ಲಿ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಸೋತದ್ದು ತಾನೇ ಎಂಬುದಕ್ಕೆ ತನ್ನ ಹತ್ತಿರ ಅಂಕಿ ಅಂಶಗಳಿವೆಯಂತೆ. ಎಂಥ ಜಂಭ. ಭಾನುವಾರ ಬೆಳಿಗ್ಗೆ ಸೀಟಿ ಗೇಟು ತೆಗೆಯುವ ಮೊದಲೇ ಅಲ್ಲಿರುತ್ತೇನೆ. ಸೋತವಳು ನಾನೇ ಎಂದು ಅವಳಿಗೆ ಯಂತ್ರದ ಮುಂದೆಯೇ ಸಾಬೀತು ಮಾಡಿ ತೋರಿಸದಿದ್ದರೆ ಕೇಳಿ.